ಅಜ್ಜನ ಕುಲುಮೆಯ ಲೆಗ್ ವೈಸ್ ಯಾವ ಕಾಲದ್ದು ಅಂತ ಪತ್ತೆ ಹಚ್ಚೋದು ಹೇಗೆ?

ಹುಬ್ಬಳ್ಳಿಯ ನಿಮ್ಮ ಅಜ್ಜನ ಕುಲುಮೆಯಲ್ಲಿದ್ದ ಲೆಗ್ ವೈಸ್, ಅಂದರೆ ಕಬ್ಬಿಣವನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ಉದ್ದ ಕಾಲಿನ ವೈಸ್ ಬಗ್ಗೆ ಕೇಳಿದ್ದೀರಿ. ಬಾಯಿ ನಾಲ್ಕೂವರೆ ಇಂಚು, ಕಂಪನಿ ಹೆಸರು ಎಲ್ಲೂ ಕಾಣುತ್ತಿಲ್ಲ, ಕಾಲಿನ ಮೇಲೆ 56 ಅನ್ನುವ ಅಂಕಿ ಇದೆ. ನೋಡಿದವರೊಬ್ಬರು ಇನ್ನೂರು ವರ್ಷ ಹಳೆಯದು ಅಂದರಂತೆ.

ಫೋಟೊ ನೋಡಿದರೆ ಇದು ಇಂಗ್ಲೆಂಡಿನ ಮಾಲು ಅನಿಸುತ್ತದೆ. ಕಾಲ ಸುಮಾರು 1850ರಿಂದ 1920ರ ಒಳಗೆ. ಇನ್ನೂರು ವರ್ಷ ಅನ್ನೋದನ್ನು ನಾನಂತೂ ಒಪ್ಪಲ್ಲ. ಆದರೆ ಒಂದು ಪರೀಕ್ಷೆ ಬಾಕಿ ಇದೆ. ಅದನ್ನು ನೀವೇ ಮಾಡಬೇಕು.

ಮೊದಲು ವೈಸನ್ನು ತೂಕಕ್ಕೆ ಹಾಕಿ. ಇಪ್ಪತ್ತೈದು ಕೆಜಿ ಆಸುಪಾಸು ಬಂದರೆ 56 ಅನ್ನೋದು ಪೌಂಡ್ ಲೆಕ್ಕ. ಇಂಗ್ಲಿಷರ ಹಂಡ್ರೆಡ್‌ವೇಟ್ ಅಂದರೆ 112 ಪೌಂಡ್, 56 ಅದರ ಸರಿಯಾಗಿ ಅರ್ಧ. ಈ ಬಾಯಿ ಅಳತೆಗೆ ಅದು ಒಪ್ಪುವ ತೂಕವೂ ಹೌದು. ನಮ್ಮ ದೇಶದಲ್ಲಿ 1956ರ ಕಾನೂನಿನ ನಂತರ ಕೆಜಿ ಹಂತ ಹಂತವಾಗಿ ಬಂತು. ಹಾಗಾಗಿ ಪೌಂಡ್ ಗುರುತು ಸಿಕ್ಕರೆ ಅದಕ್ಕಿಂತ ಈಚಿನದು ಆಗಿರುವ ಸಾಧ್ಯತೆ ತೀರಾ ಕಡಿಮೆ.

ಈಗ ಮುಖ್ಯವಾದದ್ದು. ಹಿಡಿ ತಿರುಗಿಸಿ ಸ್ಕ್ರೂ ಪೂರ್ತಿ ಹೊರಗೆ ತೆಗೆಯಿರಿ. ಜಾಮ್ ಆಗಿದ್ದರೆ ಸೀಮೆಎಣ್ಣೆ ಬಿಟ್ಟು ಒಂದೆರಡು ದಿನ ಹಾಗೇ ಬಿಡಿ, ಸುತ್ತಿಗೆಯಲ್ಲಿ ಬಡಿಯಬೇಡಿ. ಸ್ಕ್ರೂ ಹೋಗಿ ಕೂರುವ ಕೊಳವೆಗೆ ಬಾಕ್ಸ್ ಅಂತಾರೆ. ಅದರ ಒಳಗೆ ಬಟ್ಟೆ ಹಾಕಿ ಗ್ರೀಸೆಲ್ಲ ಒರೆಸಿ, ಟಾರ್ಚ್ ಬಿಟ್ಟು ನೋಡಿ. ಥ್ರೆಡ್ಡಿನ ಬುಡದಲ್ಲಿ ಉದ್ದಕ್ಕೂ ಹಿತ್ತಾಳೆ ಬಣ್ಣದ ಗೆರೆ ಹೊಳೆಯುತ್ತಾ? ಹೊಳೆದರೆ ಅದು ಹಳೇ ಪದ್ಧತಿಯ ಕೆಲಸ. ಆಗ ಕೊಳವೆಯೊಳಗೆ ಥ್ರೆಡ್ ಕೊರೆಯುತ್ತಿರಲಿಲ್ಲ. ಚೌಕದ ಕಬ್ಬಿಣದ ಪಟ್ಟಿಯನ್ನು ಸುರುಳಿ ಸುತ್ತಿ, ಒಳಗೆ ತೂರಿಸಿ, ಹಿತ್ತಾಳೆ ಕರಗಿಸಿ ಬೆಸೆಯುತ್ತಿದ್ದರು. ಇಡೀ ವೈಸಿನಲ್ಲಿ ಅತಿ ನಾಜೂಕಿನ ಕೆಲಸ ಇದೇ. ಗೆರೆ ಕಂಡರೆ ನಿಮ್ಮ ವೈಸನ್ನು 1850ರ ಸುತ್ತಮುತ್ತ ಅಥವಾ ಅದಕ್ಕೂ ಹಿಂದೆ ಇಡಬಹುದು. ಆಗ ನನ್ನ ಅಂದಾಜನ್ನೇ ತಿದ್ದಿಕೊಳ್ಳುತ್ತೇನೆ.

ಗೆರೆ ಇಲ್ಲದೆ, ಕೊಳವೆಯ ಗಟ್ಟಿ ಲೋಹದಲ್ಲೇ ಥ್ರೆಡ್ ಕೊರೆದಿದ್ದರೆ ಅದು ಸಾಲಿಡ್ ಬಾಕ್ಸ್. ಹತ್ತೊಂಬತ್ತನೇ ಶತಮಾನದ ಎರಡನೇ ಅರ್ಧದಲ್ಲಿ ಇದು ಬಳಕೆಗೆ ಬಂತು. ಇಂಗ್ಲೆಂಡಿನ ಡಡ್ಲಿಯ ಪೀಟರ್ ರೈಟ್ ಕಂಪನಿಯ ಅಡಿಗಲ್ಲುಗಳ, ಅಂದರೆ ಕಮ್ಮಾರರ ಆನ್ವಿಲ್‌ಗಳ ಹೆಸರು ಕೇಳಿರಬಹುದು. ಅವರ ಲೆಗ್ ವೈಸ್‌ಗಳಲ್ಲಿ ಸಾಲಿಡ್ ಬಾಕ್ಸ್ ಅನ್ನುವ ಮಾತನ್ನೇ ಒತ್ತಿರುವುದು ಉಂಟು.

ಮೇಜಿಗೆ ಕೂರಿಸುವ ಪಟ್ಟಿಯೂ ಮಾತಾಡುತ್ತದೆ. ತೀರಾ ಹಳೆಯದರಲ್ಲಿ ಆ ಪಟ್ಟಿಯ ನಾಲಿಗೆ ಕಾಲಿನ ಒಳಗೇ ತೂರಿ ಬಂದು, ಅದಕ್ಕೆ ಬೆಣೆ ಹೊಡೆದಿರುತ್ತಾರೆ. ಆಮೇಲಿನದರಲ್ಲಿ ಕಾಲನ್ನು ಬಳಸಿ ಬರುವ ಯು ಆಕಾರದ ಪಟ್ಟಿ ಮತ್ತು ಬೆಣೆಗಳು. ಇನ್ನೂ ಈಚೆಗೆ ಬೋಲ್ಟ್. ನಿಮ್ಮದು ನಡುವಿನ ಬಗೆ. ನನ್ನ ಅಂದಾಜಿಗೆ ದೊಡ್ಡ ಆಧಾರ ಅದೇ.

ಹೆಸರು ಇಲ್ಲವೇ ಇಲ್ಲ ಅಂತ ಈಗಲೇ ತೀರ್ಮಾನ ಮಾಡಬೇಡಿ. ಗ್ರೈಂಡರ್, ವೈರ್ ವೀಲ್ ಯಾವುದನ್ನೂ ದಯವಿಟ್ಟು ಹತ್ತಿರ ತರಬೇಡಿ! ಮೇಲಿನ ತುಕ್ಕಿನ ಜೊತೆ ಅಕ್ಷರಾನೂ ಹೋಗಿಬಿಡುತ್ತೆ. ಸೀಮೆಎಣ್ಣೆ, ಗಡುಸಾದ ಬ್ರಷ್ ಸಾಕು. ಒಣಗಿದ ಮೇಲೆ ಸೀಮೆಸುಣ್ಣ ಅಡ್ಡವಾಗಿ ಉಜ್ಜಿ, ಕತ್ತಲಲ್ಲಿ ಪಕ್ಕದಿಂದ ಟಾರ್ಚ್ ಬಿಡಿ. ದವಡೆಗಳ ಕೆಳಗೆ, ಬಾಕ್ಸಿನ ಮೈಮೇಲೆ, ಕಾಲಿನ ಮುಂಭಾಗದಲ್ಲಿ ಹುಡುಕಿ. ಇಂಗ್ಲೆಂಡ್ ಅನ್ನುವ ಪದ ಸಿಕ್ಕರೆ ಸಾಮಾನ್ಯವಾಗಿ 1890ರ ನಂತರದ್ದು. ಆ ವರ್ಷದ ಅಮೆರಿಕದ ಸುಂಕ ಕಾನೂನು ಆಮದು ಮಾಲಿನ ಮೇಲೆ ದೇಶದ ಹೆಸರು ಬೇಕೇ ಬೇಕು ಅಂದಿತ್ತು. ಹೊರದೇಶಕ್ಕೆ ಕಳಿಸುವ ಮಾಲಿಗೆಲ್ಲ ಅದೇ ರೂಢಿಯಾಯಿತು.

ನಿಮ್ಮದು ಹುಬ್ಬಳ್ಳಿ ಆದ್ದರಿಂದ ಇನ್ನೊಂದನ್ನು ಹುಡುಕಲೇಬೇಕು: ರೈಲ್ವೆ ಗುರುತು. ಅಲ್ಲಿನ ರೈಲ್ವೆ ವರ್ಕ್‌ಶಾಪ್ 1880ರ ದಶಕದ್ದು. ಎಸ್.ಎಂ.ಆರ್. ಅಂತಿದ್ದರೆ 1882ರಲ್ಲಿ ಶುರುವಾದ ಸದರ್ನ್ ಮರಾಠಾ ರೈಲ್ವೆ. ಎಂ.ಎಸ್.ಎಂ. ಅಂತಿದ್ದರೆ 1908ರಲ್ಲಿ ಮದ್ರಾಸ್ ರೈಲ್ವೆ ಜೊತೆ ಸೇರಿ ಆದ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ, ಆ ಹೆಸರು 1951ರವರೆಗಿನದು. ಇದು ಮಾಲೀಕರ ಗುರುತು ಮಾತ್ರ, ವೈಸ್ ಅದಕ್ಕೂ ಮೊದಲೇ ತಯಾರಾಗಿರಬಹುದು.

ಇನ್ನು ದವಡೆಯ ಪಕ್ಕದಲ್ಲಿ ತುಟಿಗಿಂತ ಸ್ವಲ್ಪ ಕೆಳಗೆ ಸಣ್ಣ ಬೆಸುಗೆ ಗೆರೆ ಕಾಣಬಹುದು. ಅದನ್ನು ಬಿರುಕು ಅಂದುಕೊಂಡು ವೆಲ್ಡಿಂಗ್ ಮಾಡಿಸಬೇಡಿ. ಮೆದು ಕಬ್ಬಿಣದ ದವಡೆಗೆ ಕಚ್ಚುವ ಕಡೆ ಉಕ್ಕಿನ ಪಟ್ಟಿ ಬೆಸೆದ ಜಾಗ ಅದು. ಮೆದು ಕಬ್ಬಿಣ ಆಗಿರೋದರಿಂದಲೇ ಕಾಯಿಸಿದ ಸಲಾಕೆಯನ್ನು ಹಿಡಿದು ಬಡಿದರೂ ಈ ವೈಸ್ ತಡೆಯುತ್ತದೆ. ಬೀಡಿನ ಬೆಂಚ್ ವೈಸ್ ಆಗಿದ್ದರೆ ಒಡೆದೇ ಹೋಗುತ್ತಿತ್ತು. ಏಟಿನ ಭಾರ ಕಾಲಿನ ಮೂಲಕ ನೆಲಕ್ಕೆ ಇಳಿಯಲಿ ಅಂತಲೇ ಅಷ್ಟು ಉದ್ದ ಕಾಲು.

ಬಾಕ್ಸಿನ ಒಳಗಿನ ಒಂದು ಫೋಟೊ, ತೂಕ, ಮತ್ತು ಸೀಮೆಸುಣ್ಣ ಉಜ್ಜಿದ ಮೇಲೆ ಏನಾದರೂ ಅಕ್ಷರ ಕಂಡರೆ ಅದರ ಫೋಟೊ, ಇವಿಷ್ಟನ್ನು ಇಲ್ಲೇ ಹಾಕಿ. ಅಲ್ಲಿಯವರೆಗೆ ಯಾರಿಗೂ ಮಾರಬೇಡಿ.