ಸ್ಕ್ಯಾನಿಂಗ್ ನಾರ್ಮಲ್, ತೊಡೆಸಂದಿನ ನೋವು ಹಾಗೇ ಇದೆ

ಪ್ರಶ್ನೆ: ನನಗೆ 39 ವರ್ಷ. ರಾಜಾಜಿನಗರದಲ್ಲಿ ವಾಸ, ಖಾಸಗಿ ಕಚೇರಿಯಲ್ಲಿ ಕೆಲಸ. ಎರಡೂ ಹೆರಿಗೆಗಳು ಸಿಸೇರಿಯನ್. ಎಂಟು ತಿಂಗಳಿಂದ ಬಲಗಡೆಯ ತೊಡೆಸಂದಿನಲ್ಲಿ ನೋವಿದೆ. ಬೆಳಿಗ್ಗೆ ಅಷ್ಟಾಗಿ ಇರುವುದಿಲ್ಲ. ಸಂಜೆ ಬಸ್ಸಿನಲ್ಲಿ ನಿಂತು ಮನೆ ಸೇರುವಷ್ಟರಲ್ಲಿ ಎಳೆದಂತಾಗುತ್ತದೆ. ನೀರಿನ ಕ್ಯಾನ್ ಎತ್ತಿದರೆ, ಕೆಮ್ಮಿದರೆ ಚುಚ್ಚುತ್ತದೆ, ಮಲಗಿದರೆ ಕಡಿಮೆಯಾಗುತ್ತದೆ. ಗಂಟೇನೂ ಕಾಣಿಸುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ, ಅಂಡಾಶಯ ಚೆನ್ನಾಗಿವೆ ಎಂದಿದ್ದಾರೆ, ಮೂತ್ರ ಪರೀಕ್ಷೆಯೂ ಸರಿಯಿದೆ. ಒಬ್ಬ ವೈದ್ಯರು ಟೆನ್ಷನ್ ಎಂದು ಮಾತ್ರೆ ಬರೆದುಕೊಟ್ಟರು. ಮನೆಯವರೂ ಈಗ ಹಾಗೆಯೇ ಹೇಳುತ್ತಿದ್ದಾರೆ. ಇದು ನನ್ನ ಭ್ರಮೆಯೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ಖಂಡಿತ ಭ್ರಮೆಯಲ್ಲ. ನಿಂತಾಗ ಹೆಚ್ಚಾಗಿ, ಮಲಗಿದಾಗ ಇಳಿದು, ಕೆಮ್ಮಿದಾಗ ಮತ್ತು ಭಾರ ಎತ್ತಿದಾಗ ಚುಚ್ಚುವ ನೋವಿಗೆ ಟೆನ್ಷನ್ ಎಂದು ಹೆಸರಿಡುವ ಮೊದಲು ತೊಡೆಸಂದನ್ನು ಕೈಯಿಟ್ಟು ಪರೀಕ್ಷಿಸಬೇಕು. ನಿಮ್ಮನ್ನು ಯಾರಾದರೂ ನಿಲ್ಲಿಸಿ ಪರೀಕ್ಷಿಸಿದರೇ ಎಂಬುದನ್ನು ನೀವು ಬರೆದಿಲ್ಲ. ಬಹುಶಃ ಅದು ಆಗಿಲ್ಲ.

ನಿಮ್ಮ ವಿವರಣೆ ಓದಿದಾಗ ಮೊದಲು ಬರುವ ಅನುಮಾನ ಹರ್ನಿಯಾ, ಅಂದರೆ ಹೊಟ್ಟೆಯ ಗೋಡೆಯ ದುರ್ಬಲ ಜಾಗದಲ್ಲಿ ಒಳಗಿನ ಕೊಬ್ಬೋ ಕರುಳೋ ಹೊರಕ್ಕೆ ನುಸುಳುವುದು. ಹರ್ನಿಯಾ ಗಂಡಸರ ಕಾಯಿಲೆ, ಅದಿದ್ದರೆ ಉಬ್ಬು ಕಾಣಲೇಬೇಕು ಎಂಬ ನಂಬಿಕೆಯಿಂದಾಗಿ ಹೆಂಗಸರಲ್ಲಿ ಅದು ಎಷ್ಟೋ ಸಲ ಪತ್ತೆಯಾಗದೆ ಉಳಿಯುತ್ತದೆ. ಹೆಂಗಸರಲ್ಲಿ ತೊಡೆಸಂದಿನ ಮೇಲ್ಭಾಗದ ನಾಳ ಕಿರಿದು. ಗರ್ಭಕೋಶದಿಂದ ಬರುವ ಒಂದು ತಂತು ಅದರೊಳಗೆ ಹಾದುಹೋಗುತ್ತದೆ. ಅದರ ಪಕ್ಕದಲ್ಲಿ ಸ್ವಲ್ಪ ಕೊಬ್ಬು ನುಸುಳಿದರೂ ಹೊರಗೆ ಉಬ್ಬು ಕಾಣದೆಯೇ ನೋವು ಬರಬಹುದು. ನೀವು ಮಾಡಿಸಿರುವ ಸ್ಕ್ಯಾನಿಂಗ್ ಮಲಗಿಸಿ, ಮೂತ್ರಕೋಶ ತುಂಬಿಸಿ, ಗರ್ಭಕೋಶವನ್ನು ನೋಡಲೆಂದೇ ಮಾಡುವಂಥದ್ದು. ಅದರ ವರದಿ ಗರ್ಭಕೋಶದ ಬಗ್ಗೆ ನಿಜವನ್ನೇ ಹೇಳಿದೆ. ತೊಡೆಸಂದಿನ ಬಗ್ಗೆ ಅದು ಏನನ್ನೂ ಹೇಳಿಲ್ಲ.

ಆದ್ದರಿಂದ ಒಬ್ಬ ಜನರಲ್ ಸರ್ಜನ್ ಅವರನ್ನು ಕಾಣಿರಿ. ಅವರು ನಿಮ್ಮನ್ನು ನಿಲ್ಲಿಸಿ, ನೋವಿನ ಜಾಗದ ಮೇಲೆ ಬೆರಳಿಟ್ಟು ಕೆಮ್ಮಲು ಹೇಳುತ್ತಾರೆ. ಬೆರಳಿನ ತುದಿಗೆ ಸಣ್ಣ ತಳ್ಳುವಿಕೆ ತಾಗಿದರೂ ಅದು ಸುಳಿವೇ. ಸ್ಕ್ಯಾನಿಂಗ್ ಚೀಟಿಯಲ್ಲಿ ‘ಬಲ ತೊಡೆಸಂದು, ನಿಲ್ಲಿಸಿ ಮತ್ತು ಮುಕ್ಕಿಸಿ ನೋಡಬೇಕು’ ಎಂದು ಬರೆಸಿಕೊಳ್ಳಿ. ಅದರಲ್ಲೂ ಸ್ಪಷ್ಟವಾಗದಿದ್ದರೆ ಎಂಆರ್‌ಐ ಉಪಯುಕ್ತ. ಖಾಸಗಿ ಖರ್ಚು ಕಷ್ಟವಾದರೆ ಕೆ.ಆರ್. ಮಾರುಕಟ್ಟೆ ಬಳಿಯ ವಿಕ್ಟೋರಿಯಾ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಹೋಗಬಹುದು.

ನಿಮ್ಮದೇ ಲಕ್ಷಣಗಳನ್ನು ಹೋಲುವ ಇನ್ನೊಂದು ಕಾರಣವೂ ಇದೆ. ಹೆರಿಗೆಯಾದ ಕೆಲವರಲ್ಲಿ ಕಿಬ್ಬೊಟ್ಟೆಯೊಳಗಿನ ರಕ್ತನಾಳಗಳು ಹಿಗ್ಗಿ, ಕಾಲಿನಲ್ಲಿ ನರ ಉಬ್ಬುವಂತೆಯೇ ಒಳಗೂ ಉಬ್ಬಿಕೊಂಡಿರುತ್ತವೆ. ಆ ನೋವೂ ದಿನವಿಡೀ ನಿಂತ ಮೇಲೆ ಏರುತ್ತದೆ, ಮಲಗಿದರೆ ಇಳಿಯುತ್ತದೆ. ಆದರೆ ಕೆಮ್ಮಿದಾಗ ಒಂದೇ ಬಿಂದುವಿನಲ್ಲಿ ಚುಚ್ಚುವುದಕ್ಕಿಂತ ಕಿಬ್ಬೊಟ್ಟೆ ಭಾರವಾದಂತೆ ಅನ್ನಿಸುವುದು, ಮುಟ್ಟಿನ ಮುಂಚೆ ಮತ್ತು ಸಂಭೋಗದ ನಂತರ ಹೆಚ್ಚಾಗುವುದು ಅದರ ಸ್ವಭಾವ. ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನಿಂಗ್‌ನಲ್ಲಿ ಇದರ ಸುಳಿವು ಸಿಗುತ್ತದೆ.

ಸಿಸೇರಿಯನ್ ಗಾಯದ ವಿಚಾರವನ್ನೂ ವೈದ್ಯರಿಗೆ ತಪ್ಪದೆ ಹೇಳಿ. ಅಡ್ಡಗಾಯದ ಎರಡೂ ತುದಿಗಳ ಬಳಿ ತೊಡೆಸಂದಿಗೆ ಹೋಗುವ ಸಣ್ಣ ನರಗಳಿದ್ದು, ಗಾಯ ಮಾಯುವಾಗ ಅವು ಸಿಕ್ಕಿಕೊಂಡರೆ ವರ್ಷಗಳ ನಂತರವೂ ಉರಿ, ಜೋಮು, ಲಂಗದ ಲಾಡಿ ಬಿಗಿದರೂ ತಡೆಯಲಾಗದ ನೋವು ಬರಬಹುದು. ಆ ಜಾಗಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟಾಗ ನೋವು ಮಾಯವಾದರೆ ಕಾರಣವೂ ತಿಳಿಯುತ್ತದೆ, ಎಷ್ಟೋ ಜನರಿಗೆ ಪರಿಹಾರವೂ ಸಿಗುತ್ತದೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಗಾಯದಲ್ಲೋ ತೊಡೆಸಂದಿನಲ್ಲೋ ಬೆಳೆದಿದ್ದರೆ ನೋವು ಸಾಮಾನ್ಯವಾಗಿ ಮುಟ್ಟಿನೊಂದಿಗೆ ಏರಿಳಿಯುತ್ತದೆ. ಎರಡು ಮೂರು ತಿಂಗಳು ಮುಟ್ಟಿನ ದಿನ, ನೋವಿನ ದಿನ ಎರಡನ್ನೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದರೆ ಸಾಕು, ವೈದ್ಯರ ಕೆಲಸ ಅರ್ಧ ಹಗುರಾಗುತ್ತದೆ.

ಇನ್ನು ಸೊಂಟದ ಕೀಲು. ಈ ಕೀಲಿನ ನೋವು ಪಕ್ಕದಲ್ಲಿ ಅಲ್ಲ, ಮುಂದೆ ತೊಡೆಸಂದಿನಲ್ಲೇ ಕಾಣಿಸಿಕೊಳ್ಳುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕುಳಿತಾಗ, ಸ್ಕೂಟರಿನಿಂದ ಇಳಿಯುವಾಗ, ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಬಗ್ಗಿದಾಗ ನೋವು ಬಂದರೆ ಕೀಲನ್ನೇ ಅನುಮಾನಿಸಬೇಕು. ಕೀಲಿನ ಅಂಚಿನ ಮೃದ್ವಸ್ಥಿ ಹರಿದಿರಬಹುದು, ಹುಟ್ಟಿನಿಂದಲೇ ಕೀಲಿನ ಬಟ್ಟಲು ಆಳವಿಲ್ಲದೆ ಇರಬಹುದು, ಸವೆತ ಶುರುವಾಗಿರಬಹುದು. ದೀರ್ಘಕಾಲ ಸ್ಟೆರಾಯ್ಡ್ ತೆಗೆದುಕೊಂಡವರಲ್ಲಿ ತೊಡೆಮೂಳೆಯ ತಲೆಗೆ ರಕ್ತ ಪೂರೈಕೆ ತಪ್ಪಿರಲೂಬಹುದು. ಆರಂಭದಲ್ಲಿ ಇದು ಎಕ್ಸ್‌ರೇಗೆ ಕಾಣುವುದಿಲ್ಲ, ಎಂಆರ್‌ಐಗೆ ಕಾಣುತ್ತದೆ. ದಿನವೆಲ್ಲ ಕಚೇರಿಯೊಳಗೆ ಕಳೆಯುವ ನಿಮ್ಮಂಥವರಲ್ಲಿ ವಿಟಮಿನ್ ಡಿ ಕೊರತೆ ಸಾಮಾನ್ಯ, ಅದು ತೀವ್ರವಾದಾಗ ತೊಡೆಮೂಳೆಯ ಕತ್ತಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಬಿಡಬಹುದು. ಹೆಜ್ಜೆ ಊರಿದಾಗ ನೋವು ಹೆಚ್ಚುತ್ತಿದ್ದರೆ ನಡಿಗೆ ಕಡಿಮೆ ಮಾಡಿ, ಬೇಗ ಮೂಳೆ ತಜ್ಞರನ್ನು ಕಾಣಬೇಕು. ಜಯನಗರದ ಸಂಜಯ್ ಗಾಂಧಿ ಸಂಸ್ಥೆ ಮೂಳೆ ಚಿಕಿತ್ಸೆಗೆಂದೇ ಇರುವ ಸರ್ಕಾರಿ ಆಸ್ಪತ್ರೆ. ರಾತ್ರಿ ನೋವು, ಸಂಜೆ ಜ್ವರ, ತೂಕ ಇಳಿಯುವುದು ಜೊತೆಗಿದ್ದರೆ ಕೀಲಿನ ಕ್ಷಯವನ್ನೂ ಮರೆಯಬಾರದು.

ಕಿಡ್ನಿ ಕಲ್ಲಿನ ನೋವು ಬೆನ್ನಿನಿಂದ ಅಲೆಅಲೆಯಾಗಿ ಇಳಿಯುವಂಥದ್ದು, ನಿಮ್ಮದಕ್ಕೆ ಹೊಂದುವುದಿಲ್ಲ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಕಾರಣ ಸಿಗದ ನೋವಿಗೆ ‘ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ’ ಎಂಬ ಸಲಹೆ ನಮ್ಮಲ್ಲಿ ಬಹಳ ಸಲೀಸಾಗಿ ಬರುತ್ತದೆ. ಚೆನ್ನಾಗಿದೆ ಎಂದು ವರದಿಯೇ ಹೇಳಿರುವ ಗರ್ಭಕೋಶವನ್ನು ತೊಡೆಸಂದಿನ ನೋವಿಗಾಗಿ ದಯವಿಟ್ಟು ತೆಗೆಸಿಕೊಳ್ಳಬೇಡಿ. ಪರೀಕ್ಷೆ ಮುಗಿಯುವವರೆಗೆ ನೀರಿನ ಕ್ಯಾನ್ ಎತ್ತುವ ಕೆಲಸವನ್ನು ಮನೆಯ ಬೇರೆಯವರು ವಹಿಸಿಕೊಳ್ಳಲಿ. ನೋವು ಭ್ರಮೆ ಎನ್ನುವವರೇ ಮೊದಲು ಎತ್ತಲಿ.

ಪ್ರಶ್ನೆ: ನಮ್ಮ ಅತ್ತೆಗೆ 72 ವರ್ಷ, ತುಂಬ ತೆಳ್ಳಗಿದ್ದಾರೆ. ತೊಡೆಸಂದಿನ ಮಡಿಕೆಯ ಕೆಳಗೆ ಅಡಿಕೆ ಗಾತ್ರದ ಗಂಟಿದೆ, ಅಷ್ಟೇನೂ ನೋವಿಲ್ಲ. ಈ ವಯಸ್ಸಿನಲ್ಲಿ ಆಪರೇಷನ್ ಯಾಕೆ ಎನ್ನುತ್ತಾರೆ. ಕಾಯಬಹುದೇ?
— ಒಬ್ಬ ಸೊಸೆ, ಕೆಂಗೇರಿ

ಉತ್ತರ: ಕಾಯಬೇಡಿ. ಅದು ಕಾಲಿನ ಗಾಯದಿಂದ ಊದಿದ ಗ್ರಂಥಿಯೂ ಆಗಿರಬಹುದು, ಆದರೆ ಮಡಿಕೆಯ ಕೆಳಗಿನ ಗಂಟು ಫೆಮೊರಲ್ ಹರ್ನಿಯಾ (ಕಾಲಿಗೆ ರಕ್ತನಾಳ ಹೋಗುವ ದಾರಿಯ ಪಕ್ಕದಲ್ಲಿ ನುಸುಳುವ ಹರ್ನಿಯಾ) ಆಗಿರುವ ಸಾಧ್ಯತೆ ಸಾಕಷ್ಟಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ ಇದು ಹೆಚ್ಚು. ಅದರ ಕತ್ತು ಬಹಳ ಬಿಗಿಯಾದ್ದರಿಂದ ಒಳಗೆ ಜಾರಿದ ಕರುಳು ಸಿಕ್ಕಿಕೊಂಡು ರಕ್ತವಿಲ್ಲದೆ ಕೊಳೆಯುವ ಅಪಾಯವಿದೆ. ಹಾಗಾಗಿಯೇ ನೋವಿಲ್ಲದಿದ್ದರೂ ಆಪರೇಷನ್ ಮಾಡಿಸುವಂತೆ ಸರ್ಜನ್‌ಗಳು ಹೇಳುತ್ತಾರೆ. ಯೋಜಿಸಿ ಮಾಡಿಸುವ ಆಪರೇಷನ್‌ಗಿಂತ ಕರುಳು ಸಿಕ್ಕಿಕೊಂಡ ಮೇಲೆ ತುರ್ತಾಗಿ ಮಾಡುವ ಆಪರೇಷನ್ ಅವರ ವಯಸ್ಸಿಗೆ ಎಷ್ಟೋ ಪಾಲು ಹೆಚ್ಚು ಅಪಾಯಕಾರಿ ಎಂದು ಅತ್ತೆಯವರಿಗೆ ತಿಳಿಸಿ ಹೇಳಿ. ಈ ವಾರವೇ ಸರ್ಜನ್‌ಗೆ ತೋರಿಸಿ. ಅಷ್ಟರೊಳಗೆ ಗಂಟು ಗಟ್ಟಿಯಾಗಿ ನೋಯತೊಡಗಿದರೆ, ವಾಂತಿಯಾದರೆ, ಹೊಟ್ಟೆ ಉಬ್ಬಿ ಗಾಳಿ ಹೋಗದಿದ್ದರೆ ಎಣ್ಣೆ ಹಚ್ಚುವುದು, ಒತ್ತಿ ಒಳಗೆ ತಳ್ಳುವುದು ಯಾವುದೂ ಬೇಡ. ಊಟ, ನೀರು ಏನನ್ನೂ ಕೊಡದೆ ಆ ಗಳಿಗೆಯಲ್ಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ.