ಹಲ್ಲಿ ಮೊದಲ ಸಾಲಿಗೇ ಬರಲಿ

ನಮಸ್ಕಾರ,

ಲಿಟಲ್ ಸ್ಟ್ರೈಪ್ಡ್ ವಿಪ್‌ಟೇಲ್ ಎಂಬ ಪುಟ್ಟ ಪಟ್ಟೆ ಹಲ್ಲಿಯ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲ ಎರಡು ಪುಟಗಳಲ್ಲಿ ಹಲ್ಲಿಯೇ ಇಲ್ಲ. 'ಪ್ರಕೃತಿಯ ವಿಸ್ಮಯ', 'ಸೃಷ್ಟಿಯ ಅದ್ಭುತ' ಅಂತ ಸುಮ್ನೆ ಸುತ್ತು ಹಾಕಿದ್ದೀರಿ. ಅಷ್ಟನ್ನೂ ತೆಗೆದುಬಿಡಿ. ಮೂರನೇ ಪುಟಕ್ಕೆ ಬಂದಾಗ ಮಾತ್ರ ಅಲ್ಲೇ ನಿಂತುಬಿಟ್ಟೆ. ಹಲ್ಲಿ ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲುತ್ತದೆ. ನಾಲಿಗೆ ಚಾಚಿ ನೆಲದ ವಾಸನೆ ಹಿಡಿಯುತ್ತದೆ. ಮುಂಗಾಲಿನಿಂದ ಪರಪರ ಕೆರೆದು ಗೆದ್ದಲು ಹೆಕ್ಕುತ್ತದೆ. ಇದನ್ನು ನೀವು ಕಣ್ಣಾರೆ ನೋಡಿದ್ದೀರಿ, ಅಲ್ವಾ? ಓದಿದ ಕೂಡಲೇ ಗೊತ್ತಾಗುತ್ತದೆ. ಲೇಖನ ಅಲ್ಲಿಂದಲೇ ಶುರುವಾಗಲಿ.

ಇನ್ನು ಜಾಗದ ವಿಷಯ. 'ಅಮೆರಿಕದ ಮರುಭೂಮಿ' ಅಂದರೆ ಓದುಗರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಈ ಹಲ್ಲಿಯ ಕಥೆಯೆಲ್ಲ ಅದು ಓಡಾಡುವ ನೆಲದಲ್ಲೇ ಇದೆ. ನ್ಯೂ ಮೆಕ್ಸಿಕೊದ ಹುಲ್ಲುಗಾವಲಿನ ಕಂದು ಮಣ್ಣಿನಲ್ಲಿ ಅದರ ಮೈ ಕಪ್ಪುಗಂದು. ಬೆನ್ನುದ್ದಕ್ಕೂ ತಿಳಿ ಬಣ್ಣದ ಗೆರೆಗಳು, ನೀಲಿ ಛಾಯೆಯ ಬಾಲ. ಅದೇ ರಾಜ್ಯದ ವೈಟ್ ಸ್ಯಾಂಡ್ಸ್‌ನಲ್ಲಿ ಸುಮಾರು 700 ಚದರ ಕಿಲೋಮೀಟರ್ ಪೂರ್ತಿ ಬಿಳೀ ಜಿಪ್ಸಮ್ ಮರಳಿನ ದಿಬ್ಬಗಳು. ಅಲ್ಲಿ ಇದೇ ಜಾತಿಯ ಹಲ್ಲಿ ಬೂದಿ ಬಳಿದುಕೊಂಡ ಹಾಗೆ ಬೆಳ್ಳಗಿದೆ, ಪಟ್ಟೆಗಳೂ ಮಾಸಿವೆ. ಬಿಳಿ ಮರಳಿನ ಮೇಲೆ ಕಪ್ಪು ಮೈ ಇದ್ದರೆ ಹಕ್ಕಿಯ ಕಣ್ಣಿಗೆ ಬೇಗ ಬೀಳುತ್ತದೆ. ಆ ದಿಬ್ಬಗಳಿಗೆ 10,000 ವರ್ಷವೂ ಆಗಿಲ್ಲ. ಅಷ್ಟರೊಳಗೇ ಇಷ್ಟು ಬದಲಾವಣೆ! ಇಂಥ ಸಂಗತಿಯನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ತುಂಬಾ ಬೇಜಾರಾಗಿದ್ದು ಇಲ್ಲೇ. ಇದಕ್ಕೆ ಒಂದು ಪುಟ ಕೊಡಿ.

ಎರಡು ತಪ್ಪುಗಳನ್ನು ತಿದ್ದಲೇಬೇಕು. ಇದು ಗೋಸುಂಬೆಯ ಹಾಗೆ ನಿಂತಲ್ಲೇ ಬಣ್ಣ ಬದಲಿಸುವುದಿಲ್ಲ. ಎಂಸಿ1ಆರ್ ಎಂಬ ಜೀನ್‌ನಲ್ಲಿ ಆದ ಬದಲಾವಣೆ ತಲೆಮಾರಿನಿಂದ ತಲೆಮಾರಿಗೆ ಉಳಿದು ಬಂದು ಹೀಗಾಗಿದೆ. ಇನ್ನೊಂದು, 'ಇವುಗಳಲ್ಲಿ ಗಂಡೇ ಇಲ್ಲ' ಅಂದಿದ್ದೀರಿ. ಖಂಡಿತ ಇವೆ. ಬರೀ ಹೆಣ್ಣುಗಳೇ ಇರುವುದು ನ್ಯೂ ಮೆಕ್ಸಿಕೊ ವಿಪ್‌ಟೇಲ್ ಎಂಬ ಜಾತಿಯಲ್ಲಿ. ಈ ಪಟ್ಟೆ ಹಲ್ಲಿಯೂ ಇನ್ನೊಂದು ವಿಪ್‌ಟೇಲೂ ಕೂಡಿ ಹುಟ್ಟಿದ್ದು ಅದು. ನಂಟು ಇರುವುದರಿಂದ ಗೊಂದಲ ಆಗಿರಬೇಕು. ಹೆಸರು ಹೇಳಿ ಬೇರೆ ಮಾಡಿ ತೋರಿಸಿ, ಸಾಕು.

ಕಂದು ಹಲ್ಲಿ, ಬಿಳಿ ಹಲ್ಲಿ ಎರಡರ ಚಿತ್ರವೂ ಇದ್ದರೆ ಜೊತೆಗೆ ಕಳಿಸಿ. ಗೆದ್ದಲು ಹೆಕ್ಕುವ ಪ್ಯಾರಾದಲ್ಲಿ ಮಾತ್ರ ಒಂದು ಪದವನ್ನೂ ಮುಟ್ಟಬೇಡಿ.

ಇಂತಿ,
ಸಂಪಾದಕ