ನಿರಾಶ್ರಿತರ ಶಿಬಿರಗಳು ಪ್ಯಾಲೆಸ್ಟೀನ್ ಸಮಾಜದ ರಚನೆಯನ್ನು ಹೇಗೆ ಬದಲಿಸಿದವು?

ಊರು ಮತ್ತು ವಂಶದ ನಂಟು ಉಳಿಯಿತು. ಅದರ ಮೇಲೆ ನಿಂತಿದ್ದ ಹಿರೀಕರ ಅಧಿಕಾರ ಮಾತ್ರ ಕುಸಿಯಿತು. ಕಾರಣ ಜಮೀನು.

1948ಕ್ಕೆ ಮುಂಚೆ ಹಳ್ಳಿಗಳಲ್ಲಿ ‘ಹಮೂಲಾ’, ಅಂದರೆ ಒಂದೇ ಮೂಲಪುರುಷನ ಹೆಸರು ಹೇಳಿಕೊಳ್ಳುವ ಕುಲ, ಬದುಕಿನ ಕೇಂದ್ರವಾಗಿತ್ತು. ಯಾರ ಕೈಯಲ್ಲಿ ಹೊಲವಿತ್ತೋ ಅವರ ಮಾತು ನಡೆಯುತ್ತಿತ್ತು. ಆ ವರ್ಷ ಇಸ್ರೇಲ್ ಸ್ಥಾಪನೆಯ ವೇಳೆ ನಡೆದ ಯುದ್ಧದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. ಪೇಟೆಯ ಅನುಕೂಲಸ್ಥರಲ್ಲಿ ಅನೇಕರು ಬೈರೂತ್, ಅಮ್ಮಾನ್‌ನಲ್ಲಿ ಬಾಡಿಗೆ ಮನೆ ಹಿಡಿದರು. ಶಿಬಿರ ಸೇರಿದವರು ಬಹುಪಾಲು ರೈತರು, ಕೂಲಿಗಳು. (ಎಲ್ಲ ನಿರಾಶ್ರಿತರೂ ಶಿಬಿರದಲ್ಲಿದ್ದಾರೆ ಎಂಬುದು ತಪ್ಪು ತಿಳಿವಳಿಕೆ; ನೋಂದಾಯಿತರಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಅಲ್ಲಿದ್ದಾರೆ.)

ಒಂದೇ ಊರಿನವರು ಅಕ್ಕಪಕ್ಕ ಡೇರೆ ಹಾಕಿದರು. ಲೆಬನಾನಿನ ಐನ್ ಅಲ್-ಹಿಲ್ವೆ ಶಿಬಿರದ ಕೇರಿಗಳಿಗೆ ಇಂದಿಗೂ ಸಫ್ಸಾಫ್, ಸಫೂರಿಯಾದಂಥ ಹಳ್ಳಿಗಳ ಹೆಸರಿದೆ. ಮದುವೆ, ಜಗಳ, ರಾಜಿ ಎಲ್ಲದರಲ್ಲೂ ಈ ನಂಟು ಕೆಲಸ ಮಾಡುತ್ತದೆ.

ಆದರೆ ಹಂಚಿಕೊಡಲು ಹಿರಿಯರ ಬಳಿ ಹೊಲವೇ ಇರಲಿಲ್ಲ. 1950ರಿಂದ ಪಡಿತರ, ಶಾಲೆ, ಆಸ್ಪತ್ರೆ ಎಲ್ಲವೂ ಪ್ಯಾಲೆಸ್ಟೀನ್ ನಿರಾಶ್ರಿತರಿಗೆಂದೇ ಇರುವ ವಿಶ್ವಸಂಸ್ಥೆಯ ನೆರವು ಸಂಸ್ಥೆ ಯುಎನ್‌ಆರ್‌ಡಬ್ಲ್ಯೂಎ ಕಡೆಯಿಂದ ಬಂದವು. ಓದಿದ ಮಕ್ಕಳು ಮೇಷ್ಟ್ರು, ಎಂಜಿನಿಯರುಗಳಾಗಿ ಕೊಲ್ಲಿ ದೇಶಗಳಿಂದ ಹಣ ಕಳಿಸತೊಡಗಿದಾಗ ಮನೆಯೊಳಗಿನ ತೂಕವೇ ಅತ್ತಿತ್ತಾಯಿತು. 1960ರ ದಶಕದ ಕೊನೆಗೆ ರಾಜಕೀಯ ಸಂಘಟನೆಗಳೂ ಕಾಲೂರಿ, ಕುಲದ ಹಿರಿಯರಿಗೆ ಎದುರಾಗಿ ಯುವಕರ ನಾಯಕತ್ವ ಬೆಳೆಯಿತು.

ಹೆಣ್ಣುಮಕ್ಕಳ ಓದಿಗೂ ಈ ಶಾಲೆಗಳು ದೊಡ್ಡ ದಾರಿ ಮಾಡಿಕೊಟ್ಟವು. ವಿಚಿತ್ರವೆಂದರೆ, ಅದೇ ಸಂಸ್ಥೆಯ ನೋಂದಣಿಯಲ್ಲಿ ನಿರಾಶ್ರಿತರ ಸ್ಥಾನಮಾನ ಮಕ್ಕಳಿಗೆ ಬರುವುದು ತಂದೆಯ ಕಡೆಯಿಂದ.